ಸ್ಪಾಟ್ ವೆಲ್ಡಿಂಗೋ, ಪ್ರೊಜೆಕ್ಷನ್ ವೆಲ್ಡಿಂಗೋ: ಬಿಡಿಭಾಗಕ್ಕೆ ತಕ್ಕ ರೆಸಿಸ್ಟೆನ್ಸ್ ಬೆಸುಗೆಯನ್ನು ಆರಿಸುವ ಬಗೆ

ತಗಡಿಗೆ ತಗಡನ್ನು ಅಥವಾ ತಗಡಿಗೆ ನಟ್ಟನ್ನು ಬೆಸೆಯಬೇಕಾದಾಗ ವಿನ್ಯಾಸಕಾರರು ಮೊದಲು ಕೇಳುವುದು, ಯಾವ ಬೆಸುಗೆ ಹೆಚ್ಚು ಗಟ್ಟಿ ಎಂದು. ಸ್ಪಾಟ್ ವೆಲ್ಡಿಂಗ್ ಮತ್ತು ಪ್ರೊಜೆಕ್ಷನ್ ವೆಲ್ಡಿಂಗ್ ನಡುವೆ ಆಯ್ಕೆ ಮಾಡುವಾಗ ಈ ಪ್ರಶ್ನೆಯಿಂದ ದೊಡ್ಡ ಪ್ರಯೋಜನವಿಲ್ಲ, ಏಕೆಂದರೆ ಹದವಾಗಿ ಮಾಡಿದರೆ ಎರಡೂ ಗಟ್ಟಿಯೇ. ಶಾಖ ಎಲ್ಲಿ ಹುಟ್ಟಬೇಕೆಂಬುದನ್ನು ಯಾವುದು ನಿರ್ಧರಿಸುತ್ತದೆ ಎಂದು ಕೇಳಿದರೆ ಮಾತ್ರ ದಾರಿ ಸ್ಪಷ್ಟವಾಗುತ್ತದೆ. ಸ್ಪಾಟ್ ವೆಲ್ಡಿಂಗ್‌ನಲ್ಲಿ ಅದನ್ನು ನಿರ್ಧರಿಸುವುದು ಎಲೆಕ್ಟ್ರೋಡಿನ ತುದಿ. ಪ್ರೊಜೆಕ್ಷನ್ ವೆಲ್ಡಿಂಗ್‌ನಲ್ಲಿ ಬಿಡಿಭಾಗದ ಮೇಲೆ ಮೊದಲೇ ಮೂಡಿಸಿದ ಉಬ್ಬು. ಯಾವ ಯಂತ್ರ ಬೇಕು, ಖರ್ಚು ಎಲ್ಲಿ ಬೀಳುತ್ತದೆ, ದೋಷ ಎಲ್ಲಿಂದ ಬರುತ್ತದೆ, ತಪಾಸಣೆ ಹೇಗೆ ಎಂಬುದೆಲ್ಲ ಈ ಒಂದು ವ್ಯತ್ಯಾಸದಿಂದಲೇ ಹೊರಡುತ್ತದೆ.

ಎರಡೂ ರೆಸಿಸ್ಟೆನ್ಸ್ ಬೆಸುಗೆಗಳು, ಅಂದರೆ ವಿದ್ಯುತ್ತಿಗೆ ಲೋಹ ಒಡ್ಡುವ ರೋಧದಿಂದ ಹುಟ್ಟುವ ಶಾಖದ ಬೆಸುಗೆಗಳು; ಮೂಲತತ್ತ್ವ ಒಂದೇ. ಲೋಹದ ತುಂಡುಗಳನ್ನು ತಾಮ್ರದ ಮಿಶ್ರಲೋಹದ ಎಲೆಕ್ಟ್ರೋಡುಗಳ ನಡುವೆ ಒತ್ತಿ ಹಿಡಿದು, ಕೆಲವೇ ವೋಲ್ಟ್‌ಗಳಲ್ಲಿ ಸಾವಿರಾರು ಆಂಪಿಯರ್ ಕರೆಂಟನ್ನು ಕ್ಷಣಕಾಲ ಹಾಯಿಸಿದರೆ, ರೋಧ ಹೆಚ್ಚಿರುವ ಜಾಗದಲ್ಲಿ, ಅಂದರೆ ಎರಡು ತುಂಡುಗಳು ಪರಸ್ಪರ ತಾಗುವಲ್ಲಿ, ಲೋಹ ಕಾದು ಬೆಸೆದುಕೊಳ್ಳುತ್ತದೆ. ಹುಟ್ಟುವ ಶಾಖವು ಕರೆಂಟಿನ ವರ್ಗ, ರೋಧ ಮತ್ತು ಸಮಯ ಈ ಮೂರರ ಗುಣಲಬ್ಧ. ಆದ್ದರಿಂದ ಕರೆಂಟ್ ಶೇ 10ರಷ್ಟು ಕುಸಿದರೆ ಶಾಖ ಶೇ 19ರಷ್ಟು ಕುಸಿಯುತ್ತದೆ. ತುಂಬು ಲೋಹ, ಫ್ಲಕ್ಸ್, ರಕ್ಷಕ ಅನಿಲ ಯಾವುದೂ ಬೇಕಿಲ್ಲ. ಎಲಿಹು ಥಾಮ್ಸನ್ 1886ರಲ್ಲಿ ಅಮೆರಿಕದಲ್ಲಿ ಪೇಟೆಂಟ್ ಪಡೆದ ಈ ತತ್ತ್ವದಿಂದ ಬೆಳೆದ ವಿಧಾನಗಳಿಗೆ ಅಂತರರಾಷ್ಟ್ರೀಯ ಮಾನಕ ಸಂಸ್ಥೆಯ (ಐಎಸ್‌ಒ) 4063 ಮಾನಕವು ಬೇರೆ ಬೇರೆ ಸಂಖ್ಯೆಗಳನ್ನು ಕೊಟ್ಟಿದೆ: ಸ್ಪಾಟ್‌ಗೆ 21, ಸೀಮ್‌ಗೆ (ಅಂಚಿನುದ್ದಕ್ಕೂ ಎಡೆಬಿಡದೆ ಬೆಸೆಯುವುದು) 22, ಪ್ರೊಜೆಕ್ಷನ್‌ಗೆ 23. ನಕ್ಷೆಯಲ್ಲಿ ಈ ಸಂಖ್ಯೆಯನ್ನು ನಮೂದಿಸುವುದು ಒಳ್ಳೆಯ ಅಭ್ಯಾಸ. ಬರೀ ವೆಲ್ಡ್ ಎಂದು ಬರೆದು ಬಿಟ್ಟಾಗ ತಯಾರಕರು ತಮ್ಮ ಬಳಿ ಇರುವ ಯಂತ್ರಕ್ಕೆ ಹೊಂದುವುದನ್ನೇ ಮಾಡುತ್ತಾರೆ.

ಉಬ್ಬು ಕುಸಿಯುವ ಹೊತ್ತಿನಲ್ಲಿ ಆಗುವುದೇನು

ಸ್ಪಾಟ್ ವೆಲ್ಡಿಂಗ್‌ನಲ್ಲಿ ಮೊನಚಾದ ಅಥವಾ ಗುಮ್ಮಟದಾಕಾರದ ಎಲೆಕ್ಟ್ರೋಡು ತಗಡಿನ ಚಿಕ್ಕ ವೃತ್ತವನ್ನು ಮಾತ್ರ ಒತ್ತುತ್ತದೆ. 1 ಮಿ.ಮೀ. ದಪ್ಪದ ಕಡಿಮೆ ಇಂಗಾಲದ ಉಕ್ಕಿನ ಎರಡು ತಗಡುಗಳಿಗೆ ಸುಮಾರು 5 ಮಿ.ಮೀ. ತುದಿ, 8ರಿಂದ 10 ಕಿಲೋಆಂಪಿಯರ್ ಕರೆಂಟ್, 2ರಿಂದ 2.5 ಕಿಲೋನ್ಯೂಟನ್ ಬಲ ಮತ್ತು 50 ಹರ್ಟ್ಸ್‌ನಲ್ಲಿ ಸುಮಾರು 10 ಆವರ್ತ, ಅಂದರೆ ಸೆಕೆಂಡಿನ ಐದನೆಯ ಒಂದು ಭಾಗ, ಸಾಮಾನ್ಯವಾದ ಆರಂಭಿಕ ಮೌಲ್ಯಗಳು. ತುದಿ ಸವೆದು ಅಗಲವಾದಂತೆ ಅದೇ ಕರೆಂಟ್ ದೊಡ್ಡ ವೃತ್ತದಲ್ಲಿ ಹರಡಿಕೊಳ್ಳುತ್ತದೆ, ಬೆಸುಗೆಯ ಗಂಟು, ಅಂದರೆ ಕರಗಿ ಗಟ್ಟಿಯಾಗುವ ಭಾಗ, ಚಿಕ್ಕದಾಗುತ್ತದೆ. ಆದ್ದರಿಂದಲೇ ತುದಿಯನ್ನು ಆಗಾಗ ಕೆತ್ತಿ ಸರಿಪಡಿಸುವುದು ಸ್ಪಾಟ್ ವೆಲ್ಡಿಂಗ್‌ನ ನಿತ್ಯದ ಕೆಲಸ.

ಪ್ರೊಜೆಕ್ಷನ್‌ನಲ್ಲಿ ಎಲೆಕ್ಟ್ರೋಡು ಅಗಲವಾಗಿ, ಚಪ್ಪಟೆಯಾಗಿ ಇರುತ್ತದೆ. ಮೊದಲು ಬಲ ಬೀಳುತ್ತದೆ, ಕರೆಂಟ್ ಇನ್ನೂ ಹರಿದಿರುವುದಿಲ್ಲ. ಉಬ್ಬಿನ ನೆತ್ತಿ ತಣ್ಣಗಿರುವಾಗಲೇ ತುಸು ಮಟ್ಟಸವಾಗಿ ಎದುರಿನ ತಗಡಿನ ಮೇಲೆ ಚೆನ್ನಾಗಿ ಕೂರುತ್ತದೆ. ಕರೆಂಟ್ ಹರಿದೊಡನೆ ಅಗಲವಾದ ಎಲೆಕ್ಟ್ರೋಡಿನಿಂದ ಬಂದದ್ದೆಲ್ಲವೂ ಆ ಪುಟ್ಟ ನೆತ್ತಿಯ ಮೂಲಕವೇ ನುಸುಳಬೇಕಾಗುತ್ತದೆ. ಕೆಲವೇ ಮಿಲಿಸೆಕೆಂಡುಗಳಲ್ಲಿ ನೆತ್ತಿ ಕೆಂಪಗೆ ಕಾದು ಮೆತ್ತಗಾಗುತ್ತದೆ, ಕರಗುವ ಮೊದಲೇ ಕುಸಿಯಲಾರಂಭಿಸುತ್ತದೆ. ಕುಸಿದಂತೆ ತಾಗುವ ಜಾಗ ಹಿಗ್ಗುತ್ತದೆ, ರೋಧ ಇಳಿಯುತ್ತದೆ, ಮೇಲಿನ ತಗಡು ಕೆಳಕ್ಕೆ ಸರಿಯುತ್ತದೆ. ಈ ಕ್ಷಣದಲ್ಲಿ ಎಲೆಕ್ಟ್ರೋಡು ತಗಡನ್ನು ಬಿಡದೆ ಹಿಂಬಾಲಿಸಬೇಕು. ಎಲೆಕ್ಟ್ರೋಡನ್ನು ಹಿಡಿದಿರುವ ಯಂತ್ರದ ತಲೆಭಾಗ ಭಾರವಾಗಿದ್ದು ಅಥವಾ ಜಾರುಪಟ್ಟಿಯಲ್ಲಿ ಬಿಗಿದುಕೊಂಡು ಒಂದಿಷ್ಟು ತಡವಾದರೂ ಒತ್ತುವ ಬಲ ಕ್ಷಣಕಾಲ ಇಲ್ಲವಾಗುತ್ತದೆ, ಕಾದ ಲೋಹ ಕಿಡಿಗಳಾಗಿ ಹೊರಗೆ ಸಿಡಿಯುತ್ತದೆ, ಬೆಸುಗೆಗೆ ಉಳಿಯಬೇಕಾದ ಲೋಹವೇ ಕೈತಪ್ಪುತ್ತದೆ. ಹಿಂಬಾಲಿಸಿದರೆ ಎರಡು ತಗಡುಗಳು ಒಂದಕ್ಕೊಂದು ಕೂಡಿ, ಉಳಿದ ಸಮಯದಲ್ಲಿ ಗಂಟು ಬೆಳೆದು, ಕರೆಂಟ್ ನಿಂತ ಮೇಲೂ ಮುಂದುವರಿಯುವ ಬಲದಡಿಯಲ್ಲಿ ತಣಿಯುತ್ತದೆ.

ಇನ್ನೊಂದು ತಪ್ಪು ಇದಕ್ಕಿಂತ ಅಪಾಯಕಾರಿ, ಏಕೆಂದರೆ ಅದು ಕಣ್ಣಿಗೆ ಬೀಳುವುದಿಲ್ಲ. ಬಲ ಹೆಚ್ಚಾದರೆ ಅಥವಾ ಉಬ್ಬು ತಗ್ಗಾಗಿದ್ದರೆ, ಉಬ್ಬು ಕಾಯುವ ಮೊದಲೇ ಚಪ್ಪಟೆಯಾಗುತ್ತದೆ. ಆಗ ಕರೆಂಟ್ ವಿಶಾಲವಾದ ಜಾಗದಲ್ಲಿ ಆರಾಮವಾಗಿ ಹರಿದು ಹೋಗುತ್ತದೆ. ಕಿಡಿ ಇಲ್ಲ, ಸದ್ದಿಲ್ಲ, ಜೋಡಣೆ ಅಚ್ಚುಕಟ್ಟಾಗಿ ಕಾಣುತ್ತದೆ. ಉಳಿಯಿಟ್ಟು ಒಂದು ಏಟು ಹಾಕಿದರೆ ಕಳಚಿ ಬೀಳುತ್ತದೆ.

ಯಂತ್ರದ ಆಯ್ಕೆಯೂ ಇಲ್ಲಿಂದಲೇ ಬರುತ್ತದೆ. ತೋಳು ಕಮಾನಿನಂತೆ ಚಲಿಸುವ ಸ್ಪಾಟ್ ಯಂತ್ರದಲ್ಲಿ ಮೇಲಿನ ಎಲೆಕ್ಟ್ರೋಡು ಕೆಳಗಿಳಿಯುವಾಗ ಅಡ್ಡಕ್ಕೂ ಸ್ವಲ್ಪ ಜಾರುತ್ತದೆ. ಒಂದೇ ಚುಕ್ಕೆಯ ಬೆಸುಗೆಗೆ ಅದು ನಡೆಯುತ್ತದೆ, ಉಬ್ಬುಗಳಿಗೆ ನಡೆಯುವುದಿಲ್ಲ. ಪ್ರೊಜೆಕ್ಷನ್‌ಗೆ ನೇರವಾಗಿ ಇಳಿಯುವ ಪ್ರೆಸ್ ಮಾದರಿಯ ಯಂತ್ರ, ಬಾಗದ ಚೌಕಟ್ಟು, ಒಂದಕ್ಕೊಂದು ಸಮಾನಾಂತರವಾದ ಎಲೆಕ್ಟ್ರೋಡುಗಳು, ಹಗುರವಾದ ಅಥವಾ ಸ್ಪ್ರಿಂಗ್ ಜೋಡಿಸಿದ ತಲೆಭಾಗ ಬೇಕು. ಹಳೆಯ ಸ್ಪಾಟ್ ಯಂತ್ರಕ್ಕೆ ಚಪ್ಪಟೆ ಎಲೆಕ್ಟ್ರೋಡು ತೊಡಿಸಿ ನಟ್ ಬೆಸೆಯುವ ಉಳಿತಾಯವನ್ನು ನಾನು ಯಾರಿಗೂ ಸಲಹೆ ಮಾಡುವುದಿಲ್ಲ: ನಟ್ಟಿನ ಒಂದು ಬದಿ ಸುಟ್ಟು, ಇನ್ನೊಂದು ಬದಿ ಬರೀ ಅಂಟಿಕೊಂಡಿರುತ್ತದೆ.

ಸ್ಪಾಟ್ ಯಾವಾಗ ಸಾಕು

ಎರಡು ತಗಡುಗಳ ದಪ್ಪ ಹೆಚ್ಚುಕಡಿಮೆ ಸಮನಾಗಿದ್ದು, ಬೆಸುಗೆಯ ಜಾಗಗಳು ದೂರ ದೂರವಿದ್ದು, ಮಾದರಿಗಳು ಪದೇ ಪದೇ ಬದಲಾಗುವಂತಿದ್ದರೆ ಸ್ಪಾಟ್ ವೆಲ್ಡಿಂಗನ್ನೇ ಆರಿಸಬೇಕು. ಮೋಟಾರು ವಾಹನದ ದೇಹದ ತಗಡುಗಳನ್ನು ರೋಬೋಟುಗಳು ಸ್ಪಾಟ್‌ನಿಂದಲೇ ಜೋಡಿಸುವುದು ಈ ಕಾರಣಕ್ಕೆ. ಬೆಸುಗೆಯ ಜಾಗ ಬದಲಿಸಲು ಪ್ರೋಗ್ರಾಂ ತಿದ್ದಿದರಾಯಿತು, ತಗಡಿಗೆ ಆಕಾರ ಕೊಡುವ ಅಚ್ಚನ್ನು, ಅಂದರೆ ಡೈಯನ್ನು, ಮುಟ್ಟಬೇಕಿಲ್ಲ. ಮೂರು ಪದರದ ತಗಡುಗಳಿಗೂ ಸ್ಪಾಟ್ ಸುಲಭ. ಸುಮಾರು 0.5 ಮಿ.ಮೀ.ಗಿಂತ ತೆಳುವಾದ ತಗಡಿನಲ್ಲಿ ಒತ್ತಿ ಮೂಡಿಸಿದ ಉಬ್ಬಿಗೆ ಬಲ ತಾಳುವ ಶಕ್ತಿ ಇರುವುದಿಲ್ಲವಾದ್ದರಿಂದ ಅಲ್ಲಿಯೂ ಸ್ಪಾಟ್ ಕಡೆಗೇ ಒಲವು ತೋರಬೇಕಾಗುತ್ತದೆ.

ಅಲ್ಯೂಮಿನಿಯಂ ವಿಷಯದಲ್ಲಿಯೂ ಇದೇ ಮಾತು. ಅದರ ಉಬ್ಬು ಮೆತ್ತಗಿರುತ್ತದೆ, ವಿದ್ಯುತ್ ವಾಹಕತೆ ಉಕ್ಕಿಗಿಂತ ಹಲವು ಪಟ್ಟು ಹೆಚ್ಚು, ಮೇಲ್ಮೈಯ ಆಕ್ಸೈಡ್ ಪದರ ಒಂದೆಡೆ ಇದ್ದಂತೆ ಇನ್ನೊಂದೆಡೆ ಇರುವುದಿಲ್ಲ. ಉಬ್ಬು ಕಾಯುವುದಕ್ಕಿಂತ ಮುಂಚೆ ಕುಸಿಯುವ ಸಂಭವ ಹೆಚ್ಚು. ವಿಶೇಷ ಸಲಕರಣೆಯಿಂದ ಮಾಡಲು ಸಾಧ್ಯವಿದ್ದರೂ ಅದನ್ನೇ ಮೊದಲ ಆಯ್ಕೆಯಾಗಿ ಇಟ್ಟುಕೊಳ್ಳಬಾರದು.

ಸ್ಪಾಟ್‌ನ ಮಿತಿಗಳೂ ಸ್ಪಷ್ಟವಾಗಿವೆ. ಹತ್ತಿರ ಹತ್ತಿರ ಚುಕ್ಕೆ ಹಾಕಿದರೆ ಎರಡನೆಯ ಬೆಸುಗೆಯ ಕರೆಂಟಿನಲ್ಲಿ ಒಂದು ಪಾಲು ಆಗಲೇ ಬೆಸೆದ ಮೊದಲನೆಯದರ ಮೂಲಕ ಸೋರಿಹೋಗುತ್ತದೆ. ತಗಡುಗಳ ದಪ್ಪದ ಅನುಪಾತ ಮೂರಕ್ಕೆ ಒಂದನ್ನು ದಾಟಿದರೆ ಶಾಖದ ಸಮತೋಲನ ಕೆಟ್ಟು, ಗಂಟು ದಪ್ಪ ತಗಡಿನೊಳಗೇ ಬೆಳೆದು ತೆಳು ತಗಡನ್ನು ಸರಿಯಾಗಿ ಹಿಡಿಯುವುದಿಲ್ಲ. ಎರಡೂ ಮುಖಗಳಲ್ಲಿ ಎಲೆಕ್ಟ್ರೋಡಿನ ಗುಳಿ ಉಳಿಯುತ್ತದೆ.

ಪ್ರೊಜೆಕ್ಷನ್ ಎಲ್ಲಿ ಗೆಲ್ಲುತ್ತದೆ

ಮೇಲಿನ ಮೂರು ಮಿತಿಗಳಿಗೂ ಪ್ರೊಜೆಕ್ಷನ್ ಉತ್ತರ ಕೊಡುತ್ತದೆ. ಉಬ್ಬನ್ನು ದಪ್ಪ ತಗಡಿನಲ್ಲಿ ಮೂಡಿಸಿದರೆ ಶಾಖದ ಹೆಚ್ಚಿನ ಪಾಲು ಅಲ್ಲಿ ಹುಟ್ಟಿ ಸಮತೋಲನ ಬರುತ್ತದೆ. ಎರಡು ಬೇರೆ ಲೋಹಗಳಿದ್ದರೆ ವಾಹಕತೆ ಹೆಚ್ಚಿರುವುದರಲ್ಲಿ ಉಬ್ಬು ಇರಬೇಕು. ಹೀಗೆ ದಪ್ಪದ ಅನುಪಾತ ಆರಕ್ಕೆ ಒಂದು ಇರುವ ಜೋಡಿಯನ್ನೂ ಬೆಸೆಯಬಹುದು. ಎಲ್ಲ ಉಬ್ಬುಗಳೂ ಒಂದೇ ಹೊಡೆತದಲ್ಲಿ ಬೆಸೆಯುವುದರಿಂದ ಹಿಂದಿನ ಬೆಸುಗೆಗೆ ಕರೆಂಟ್ ಸೋರುವ ಪ್ರಶ್ನೆಯೇ ಏಳುವುದಿಲ್ಲ, ಅವು ಹತ್ತಿರ ಹತ್ತಿರ ಇರಬಹುದು. ಉಬ್ಬಿಲ್ಲದ ತಗಡಿನ ಹೊರಮುಖದಲ್ಲಿ ಚಪ್ಪಟೆ ಎಲೆಕ್ಟ್ರೋಡಿನ ಗುರುತು ಬಹಳ ಕಡಿಮೆ, ಹಾಗಾಗಿ ಬಣ್ಣ ಬಳಿದು ಎದ್ದು ಕಾಣುವ ಮುಖವನ್ನು ಆ ಕಡೆಗೆ ಇಡಬಹುದು. ಕರೆಂಟ್ ಎಲೆಕ್ಟ್ರೋಡಿನ ವಿಶಾಲ ಮುಖದಲ್ಲಿ ಹಂಚಿಕೊಳ್ಳುವುದರಿಂದ ಸವಕಳಿಯೂ ನಿಧಾನ. ಸತು ಲೇಪಿಸಿದ ಉಕ್ಕಿನಲ್ಲಿ ಇದು ದೊಡ್ಡ ಅನುಕೂಲ: ಸತು ಸುಮಾರು 420 ಡಿಗ್ರಿ ಸೆಲ್ಸಿಯಸ್‌ನಲ್ಲೇ ಕರಗಿ ಸ್ಪಾಟ್ ತುದಿಯ ತಾಮ್ರದೊಡನೆ ಬೆರೆತು ಅದನ್ನು ಬೇಗ ಹಾಳುಮಾಡುತ್ತದೆ.

ಇಷ್ಟೆಲ್ಲ ಅನುಕೂಲಗಳಿಗೆ ತೆರಬೇಕಾದ ಬೆಲೆ ಉಬ್ಬಿನ ಎತ್ತರದ ನಿಖರತೆ. ಐಎಸ್‌ಒ 8167 ಮಾನಕವು ತಗಡಿನಲ್ಲಿ ಒತ್ತಿ ಮೂಡಿಸುವ ಉಬ್ಬುಗಳ ಅಳತೆಯನ್ನು ಹೇಳುತ್ತದೆ. ಎತ್ತರವು ವ್ಯಾಸದ ಸುಮಾರು ಕಾಲು ಭಾಗದಷ್ಟು. ನಾಲ್ಕು ಉಬ್ಬುಗಳಲ್ಲಿ ಒಂದು ತಗ್ಗಾಗಿದ್ದರೆ ಮೊದಲು ತಾಗಿದವು ಹೆಚ್ಚು ಕರೆಂಟ್ ಸೆಳೆದು ಸಿಡಿಯುತ್ತವೆ, ತಗ್ಗಾದದ್ದು ಅರೆಬೆಂದು ಉಳಿಯುತ್ತದೆ. ಮೂರು ಕಾಲಿನ ಮಣೆ ಏರುಪೇರಾದ ನೆಲದಲ್ಲೂ ಅಲುಗದೆ ನಿಲ್ಲುವಂತೆ, ಮೂರು ಉಬ್ಬುಗಳು ತಾವಾಗಿಯೇ ಒಂದು ಸಮತಲವನ್ನು ಕಂಡುಕೊಳ್ಳುತ್ತವೆ; ಸಾಧ್ಯವಿರುವಲ್ಲೆಲ್ಲ ಮೂರಕ್ಕೇ ನಿಲ್ಲುವುದು ಒಳ್ಳೆಯದು.

ಈ ನಿಖರತೆಯ ಹೊಣೆ ವೆಲ್ಡಿಂಗ್ ವಿಭಾಗದ್ದಲ್ಲ, ಉಬ್ಬು ಒತ್ತುವ ಪ್ರೆಸ್ ವಿಭಾಗದ್ದು. ಉಬ್ಬನ್ನು ಒತ್ತಿ ಮೂಡಿಸುವ ಉಪಕರಣವಾದ ಪಂಚ್ ನಿಧಾನವಾಗಿ ಸವೆಯುತ್ತಾ ಹೋಗುತ್ತದೆ, ಉಬ್ಬು ಕೂದಲೆಳೆಯಷ್ಟು ತಗ್ಗುತ್ತಾ ಬರುತ್ತದೆ, ವೆಲ್ಡಿಂಗ್ ಯಂತ್ರದ ಮುಂದೆ ನಿಂತವರಿಗೆ ಕಾಣುವುದು ಬೆಸುಗೆಗಳು ಕಾರಣವಿಲ್ಲದೆ ಕೆಡುತ್ತಿರುವುದು ಮಾತ್ರ. ಅವರು ಕರೆಂಟ್ ಏರಿಸುತ್ತಾರೆ, ಕಿಡಿ ಹೆಚ್ಚುತ್ತದೆ, ಬಲ ಏರಿಸುತ್ತಾರೆ, ಉಬ್ಬು ತಣ್ಣಗೇ ಕುಸಿಯುತ್ತದೆ. ಉಬ್ಬಿನ ಎತ್ತರವನ್ನು ಪಾಳಿಗೊಮ್ಮೆ ಅಳೆದು ಬರೆದಿಡುವ ವ್ಯವಸ್ಥೆ ಇಲ್ಲದ ಕಾರ್ಖಾನೆ ಪ್ರೊಜೆಕ್ಷನ್ ವೆಲ್ಡಿಂಗನ್ನು ಆರಿಸಬಾರದು ಎಂಬುದು ನನ್ನ ಖಚಿತ ಅಭಿಪ್ರಾಯ.

ಖರ್ಚಿನ ಲೆಕ್ಕವೂ ಉಬ್ಬನ್ನೇ ಸುತ್ತುತ್ತದೆ. ಹೊಸ ಡೈ ಮಾಡಿಸುವಾಗಲೇ ಉಬ್ಬಿನ ಪಂಚ್ ಸೇರಿಸಿದರೆ ಹೆಚ್ಚುವರಿ ಹೊರೆ ಅಲ್ಪ. ಹಳೆಯ ಡೈಗೆ ಒಂದು ಹಂತ ಸೇರಿಸಬೇಕಾದರೆ ಹೊರೆ ಗಣನೀಯ, ಅದನ್ನು ದೊಡ್ಡ ಉತ್ಪಾದನಾ ಸಂಖ್ಯೆ ಮಾತ್ರ ಭರಿಸಬಲ್ಲದು. ವಿದ್ಯುತ್ ಸಂಪರ್ಕವನ್ನೂ ನೋಡಬೇಕು. ಒಂದು ಉಬ್ಬಿಗೆ 7 ಕಿಲೋಆಂಪಿಯರ್ ಬೇಕಿದ್ದರೆ ನಾಲ್ಕನ್ನು ಒಟ್ಟಿಗೆ ಬೆಸೆಯಲು 28ರ ಆಸುಪಾಸು ಬೇಕು, ಬಲವೂ ಅದೇ ಪ್ರಮಾಣದಲ್ಲಿ ಏರಬೇಕು.

ಉಬ್ಬಿನ ಬಗೆಗಳು

ತಗಡಿನಲ್ಲಿ ಒತ್ತಿದ ಗುಂಡನೆಯ ಉಬ್ಬಿಗಿಂತ ಹೆಚ್ಚು ಬಳಕೆಯಲ್ಲಿರುವುದು ಬಹುಶಃ ವೆಲ್ಡ್ ನಟ್ಟುಗಳ ಗಟ್ಟಿ ಉಬ್ಬು. ಜರ್ಮನ್ ಮಾನಕವಾದ ಡಿಐಎನ್ 928ರ ಚೌಕ ನಟ್ಟಿನ ನಾಲ್ಕು ಮೂಲೆಗಳಲ್ಲಿ ಉಬ್ಬುಗಳಿರುತ್ತವೆ. ಡಿಐಎನ್ 929ರ ಆರುಮೂಲೆಯ ನಟ್ಟಿನಲ್ಲಿ ಮೂರು ಉಬ್ಬುಗಳೂ ತೂತಿನಲ್ಲಿ ಕೂರುವ ಕೊರಳೂ ಇರುತ್ತವೆ. ನಟ್ಟಿನ ಸ್ಥಾನ ಮುಖ್ಯವಾಗಿರುವಲ್ಲಿ ಎರಡನೆಯದೇ ಮೇಲು, ಏಕೆಂದರೆ ಕೊರಳು ತೂತಿನ ನಡುವಿಗೆ ನಟ್ಟನ್ನು ತಾನೇ ತರುತ್ತದೆ, ಉಬ್ಬುಗಳೂ ಮೂರೇ.

ನಟ್ ಬೆಸೆಯುವ ಯಂತ್ರವನ್ನು ಹತ್ತಿರದಿಂದ ನೋಡಿದರೆ ಕೆಳಗಿನ ಎಲೆಕ್ಟ್ರೋಡಿನ ನಡುವೆ ಸ್ಪ್ರಿಂಗ್ ಮೇಲೆ ಕುಳಿತ ಪಿನ್ನೊಂದು ಕಾಣುತ್ತದೆ. ತಗಡಿನ ತೂತು ಅದರ ಮೇಲೆ ಕೂರುತ್ತದೆ, ನಟ್ಟು ಉಬ್ಬುಗಳನ್ನು ಕೆಳಮುಖವಾಗಿಸಿಕೊಂಡು ಅದೇ ಪಿನ್ನಿನ ಮೇಲೆ ಕೂರುತ್ತದೆ, ಮೇಲಿನ ಎಲೆಕ್ಟ್ರೋಡು ಇಳಿದಾಗ ಪಿನ್ ಒಳಸರಿಯುತ್ತದೆ. ಈ ಪಿನ್ ವಿದ್ಯುತ್ ಹರಿಯದಂತೆ ನಿರೋಧಕ ಹೊದಿಕೆಯದ್ದಾಗಿರಬೇಕು. ಹೊದಿಕೆ ಸವೆದರೆ ಕರೆಂಟ್ ಪಿನ್ನಿನಿಂದ ನೇರ ನಟ್ಟಿನ ಮರೆಗೆ (ಬೋಲ್ಟು ತಿರುಗಿ ಕೂರುವ ಒಳಸುತ್ತಿಗೆ) ಹಾರಿ ಮರೆಯನ್ನೇ ಸುಡುತ್ತದೆ. ಬೆಸುಗೆ ಗಟ್ಟಿಯಾಗಿದ್ದರೂ ಬೋಲ್ಟು ಹತ್ತುವುದಿಲ್ಲ. ನಟ್ಟು ತಲೆಕೆಳಗಾಗಿ ಕೂತಿದೆಯೇ, ಇದೆಯೇ ಇಲ್ಲವೇ ಎಂಬುದನ್ನು ಎಲೆಕ್ಟ್ರೋಡು ನಿಂತ ಎತ್ತರದಿಂದಲೇ ಪತ್ತೆಹಚ್ಚುವ ಸಂವೇದಕವನ್ನು ಯಂತ್ರದ ಜೊತೆಗೇ ಖರೀದಿಸುವುದು ಒಳಿತು.

ಉಂಗುರದಾಕಾರದ ಉಬ್ಬು ಸೋರಿಕೆ ಇರಬಾರದ ಜೋಡಣೆಗೆ. ಏರ್‌ಬ್ಯಾಗ್ ಉಬ್ಬಿಸುವ ಸಾಧನದ ಕವಚ, ಟ್ರಾನ್ಸಿಸ್ಟರಿನ ಲೋಹದ ಡಬ್ಬಿ, ರೆಫ್ರಿಜರೇಟರ್ ಕಂಪ್ರೆಸರಿನ ವಿದ್ಯುತ್ ಟರ್ಮಿನಲ್ ಹೀಗೆ ಬೆಸೆಯಲ್ಪಡುತ್ತವೆ. ಉದ್ದನೆಯ ನೇರ ಅಂಚಿಗೆ, ಇಂಧನದ ಟ್ಯಾಂಕಿನಂಥದ್ದಕ್ಕೆ, ಸೀಮ್ ವೆಲ್ಡಿಂಗೇ ಸರಿ. ಚಿಕ್ಕ ವೃತ್ತವನ್ನು ಒಂದೇ ಹೊಡೆತದಲ್ಲಿ ಮುಚ್ಚಬೇಕಾದಾಗ ಉಂಗುರದ ಉಬ್ಬಿಗೆ ಸಾಟಿಯಿಲ್ಲ.

ಅಡ್ಡ ತಂತಿಗಳ ಬೆಸುಗೆಯಲ್ಲಿ ಉಬ್ಬು ಮೂಡಿಸುವ ಕೆಲಸವೇ ಇಲ್ಲ. ಎರಡು ದುಂಡು ತಂತಿಗಳು ಒಂದರ ಮೇಲೊಂದು ಅಡ್ಡಲಾಗಿ ಕೂತರೆ ತಾಗುವುದು ಒಂದು ಬಿಂದುವಿನಲ್ಲಿ. ಕಾಂಕ್ರೀಟಿಗೆ ಹಾಸುವ ಉಕ್ಕಿನ ಜಾಲರಿ, ಫ್ಯಾನಿನ ರಕ್ಷಣಾ ಜಾಲರಿ, ಫ್ರಿಜ್ಜಿನ ತಂತಿ ತಟ್ಟೆ ಎಲ್ಲವೂ ಈ ಬಗೆಯವು.

ಕರೆಂಟಿನ ಮೂಲವನ್ನು ಆರಿಸುವುದು

ಸಾದಾ ಎಸಿ ಯಂತ್ರ ಅಗ್ಗ, ದುರಸ್ತಿ ಸುಲಭ. ಆದರೆ 50 ಹರ್ಟ್ಸ್‌ನಲ್ಲಿ ಒಂದು ಆವರ್ತಕ್ಕೆ 20 ಮಿಲಿಸೆಕೆಂಡು ಬೇಕು, ಕರೆಂಟ್ ಸೆಕೆಂಡಿಗೆ ನೂರು ಸಲ ಸೊನ್ನೆಗೆ ಇಳಿಯುತ್ತದೆ. ಉಬ್ಬು ಕುಸಿಯುವುದೇ ಕೆಲವು ಮಿಲಿಸೆಕೆಂಡುಗಳಲ್ಲಿ ಆಗಿರುವಾಗ ಇಷ್ಟು ಒರಟಾದ ಹಿಡಿತ ಸಾಲದೆ ಹೋಗುವ ಸಂದರ್ಭಗಳಿವೆ. ಸಾಧಾರಣ ಉಕ್ಕಿನ ತಗಡು ಉಬ್ಬುಗಳಿಗೆ ಮತ್ತು ತಂತಿಯ ಕೆಲಸಕ್ಕೆ ಮಾತ್ರ ಅದು ಧಾರಾಳವಾಗಿ ಸಾಕು.

ಮಧ್ಯಮ ಆವರ್ತನದ ಡಿಸಿ ಇನ್ವರ್ಟರ್ ಸಾಮಾನ್ಯವಾಗಿ 1000 ಹರ್ಟ್ಸ್‌ನಲ್ಲಿ ಕೆಲಸ ಮಾಡುತ್ತದೆ, ಕರೆಂಟನ್ನು ಮಿಲಿಸೆಕೆಂಡಿನ ಲೆಕ್ಕದಲ್ಲಿ ತಿದ್ದುತ್ತದೆ, ಮೂರು ಫೇಸುಗಳಿಂದ ಸಮನಾಗಿ ಸೆಳೆಯುತ್ತದೆ. ನಟ್ಟುಗಳು, ಸತು ಲೇಪಿತ ತಗಡು, ಬಗೆಬಗೆಯ ಬಿಡಿಭಾಗಗಳು ಒಂದೇ ಯಂತ್ರದಲ್ಲಿ ಬರುವ ಕಡೆ ನನ್ನ ಆಯ್ಕೆ ಇದೇ.

ಕೆಪಾಸಿಟರ್ ಡಿಸ್ಚಾರ್ಜ್ ಯಂತ್ರ ಶಕ್ತಿಯನ್ನು ಕೂಡಿಟ್ಟು ಕೆಲವೇ ಮಿಲಿಸೆಕೆಂಡುಗಳಲ್ಲಿ ಸುರಿದುಬಿಡುತ್ತದೆ. ಶಾಖ ಅಕ್ಕಪಕ್ಕಕ್ಕೆ ಹರಡಲು ಸಮಯವೇ ಸಿಗುವುದಿಲ್ಲ, ಹಾಗಾಗಿ ಉಂಗುರದ ಉಬ್ಬುಗಳಿಗೂ, ಬಿಸಿಯಾಗಿಯೇ ಅಚ್ಚೊತ್ತಿದ ಅತಿ ಗಟ್ಟಿ ಉಕ್ಕಿಗೆ ನಟ್ ಬೆಸೆಯಲೂ ಇದು ಹೆಸರಾಗಿದೆ. ಆದರೆ ಒಮ್ಮೆ ಬಿಟ್ಟ ಕರೆಂಟನ್ನು ನಡುವೆ ತಿದ್ದಲಾಗದು, ತಲೆಭಾಗ ಹಿಂಬಾಲಿಸುವ ವೇಗದ ಬೇಡಿಕೆ ಇನ್ನೂ ಕಠಿಣ, ಇಂಗಾಲ ಹೆಚ್ಚಿರುವ ಉಕ್ಕು ಬೇಗ ತಣಿದು ಪೆಡಸಾಗುತ್ತದೆ.

ಬೇರೆ ದಾರಿಗಳ ಬಗ್ಗೆ ಎರಡು ಮಾತು

ಕೆಲವೇ ಡಜನ್ ತುಂಡುಗಳಿದ್ದರೆ ಆರ್ಕ್ ವೆಲ್ಡಿಂಗ್‌ನಿಂದ ನಟ್ಟನ್ನು ಅಂಟಿಸುವುದೇ ಸಾಕು, ಮರೆಗೆ ಕಿಡಿ ಬೀಳದಂತೆ ಬೋಲ್ಟು ಹಾಕಿಟ್ಟರಾಯಿತು. ಅಲ್ಯೂಮಿನಿಯಂ ತಗಡಿಗೂ, ಆಗಲೇ ಬಣ್ಣ ಬಳಿದ ತಗಡಿಗೂ ಒತ್ತಿ ಕೂರಿಸುವ ನಟ್ಟು ಉತ್ತಮ, ಆದರೆ ನಟ್ಟು ತಗಡಿಗಿಂತ ಗಟ್ಟಿಯಾಗಿರಲೇಬೇಕು. ಒಂದೇ ಬದಿಯಿಂದ ಕೈ ತಲುಪುವ ಕೊಳವೆಯಂಥ ಭಾಗಕ್ಕೆ ರಿವೆಟ್ ನಟ್ಟು. ಗಂಧಕ ಸೇರಿಸಿದ, ಸುಲಭವಾಗಿ ಕಡೆಯಬಹುದಾದ ಉಕ್ಕಿನ ಭಾಗಗಳನ್ನು ಪ್ರೊಜೆಕ್ಷನ್‌ಗೆ ಕಳುಹಿಸಬಾರದು. ಬೆಸುಗೆ ಬಿರುಕು ಬಿಡುತ್ತದೆ.

ಡೈ ಕೆತ್ತಿಸುವ ಮುನ್ನ ಮಾಡಬೇಕಾದ ಪರೀಕ್ಷೆ

ಬೆಸುಗೆಯನ್ನು ಒಡೆದು ನೋಡುವ ಪರೀಕ್ಷೆ ಎರಡು ವಿಧಾನಗಳಿಗೂ ಬೇಕು. ಐಎಸ್‌ಒ 10447 ಹೇಳುವಂತೆ ಸುಲಿದು ಅಥವಾ ಉಳಿಯಿಂದ ಎಬ್ಬಿಸಿ ನೋಡಿದಾಗ ಒಳ್ಳೆಯ ಸ್ಪಾಟ್ ಬೆಸುಗೆ ಒಂದು ತಗಡಿನಿಂದ ಬಿಲ್ಲೆಯನ್ನು ಕಿತ್ತುಕೊಂಡು ಬರುತ್ತದೆ. ಸ್ಪಾಟ್‌ಗೆ ಅಲ್ಟ್ರಾಸೋನಿಕ್ ತಪಾಸಣೆಯ ನೆರವೂ ಉಂಟು. ನಟ್ಟಿನ ಗಟ್ಟಿ ಉಬ್ಬುಗಳಲ್ಲಿ ಬಹುಪಾಲು ಬೆಸುಗೆ ಕರಗದೆ, ಕಾದು ಒತ್ತಲ್ಪಟ್ಟು ಆಗಿರುವುದರಿಂದ ಅದೇ ತಪಾಸಣೆ ಅಲ್ಲಿ ಭರವಸೆ ಕೊಡುವುದಿಲ್ಲ. ನಟ್ಟಿಗೆ ಬೋಲ್ಟು ಹಾಕಿ ಹಿಂದಿನಿಂದ ನೂಕಿ ಕೀಳುವ ಬಲವನ್ನೂ, ತಿರುಚಿದಾಗ ತಡೆಯುವ ಟಾರ್ಕನ್ನೂ ಮಾದರಿಗಳ ಮೇಲೆ ಅಳೆಯಬೇಕು, ಪ್ರತಿ ಬೆಸುಗೆಯಲ್ಲೂ ಎಲೆಕ್ಟ್ರೋಡು ಎಷ್ಟು ಕೆಳಗಿಳಿಯಿತೆಂಬುದನ್ನು ದಾಖಲಿಸಬೇಕು.

ಇಷ್ಟಾದ ಮೇಲೂ ಎರಡರ ನಡುವೆ ಮನಸ್ಸು ಹೊಯ್ದಾಡುತ್ತಿದ್ದರೆ ತಾತ್ಕಾಲಿಕ ಪಂಚಿನಿಂದ ಒಂದಿಷ್ಟು ತುಂಡುಗಳಲ್ಲಿ ಉಬ್ಬು ಮೂಡಿಸಿ, ಕರೆಂಟನ್ನು ಕೆಳಗಿನಿಂದ ಮೇಲಕ್ಕೆ ಹಂತಹಂತವಾಗಿ ಏರಿಸುತ್ತಾ ಬೆಸೆಯಬೇಕು. ಬೆಸುಗೆ ಹಿಡಿಯಲು ತೊಡಗುವ ಕರೆಂಟ್ ಒಂದು ಗಡಿ, ಕಿಡಿ ಸಿಡಿಯಲು ತೊಡಗುವ ಕರೆಂಟ್ ಇನ್ನೊಂದು ಗಡಿ. ಆಮೇಲೆ ಪ್ರೆಸ್ ವಿಭಾಗ ತಾನು ಕಾಯ್ದುಕೊಳ್ಳಬಲ್ಲೆನೆಂದು ಹೇಳುವ ಅತಿ ಕಡಿಮೆ ಎತ್ತರದ ಉಬ್ಬುಗಳನ್ನು ಬೇಕೆಂದೇ ಮಾಡಿಸಿ ಇದೇ ಪರೀಕ್ಷೆಯನ್ನು ಮತ್ತೆ ನಡೆಸಬೇಕು. ಎರಡು ಪರೀಕ್ಷೆಗಳ ಗಡಿಗಳಿಗೂ ಸೇರುವ ಕರೆಂಟಿನ ವ್ಯಾಪ್ತಿ ಧಾರಾಳವಾಗಿ ಉಳಿದರೆ ಡೈಗೆ ಆದೇಶ ಕೊಡಬಹುದು. ಕಿರಿದಾಗಿ ಉಳಿದರೆ ಉಬ್ಬಿನ ಎತ್ತರದ ಮಿತಿಯನ್ನು ನಕ್ಷೆಯಲ್ಲಿ ಬಿಗಿಗೊಳಿಸಿ ಪ್ರೆಸ್ ವಿಭಾಗದ ಒಪ್ಪಿಗೆ ಪಡೆಯಬೇಕು, ಆ ಒಪ್ಪಿಗೆ ಸಿಗದಿದ್ದರೆ ಆ ಭಾಗವನ್ನು ಸ್ಪಾಟ್‌ಗೇ ಬಿಡಬೇಕು.